ತೀರ್ಥ ತಗೊಂಡವನ ಕೇಸು

ದೇವನಹಳ್ಳಿ ಕೋರ್ಟಿನಲ್ಲಿ ಜೂನಿಯರ್ ಆಗಿ ಸೇರಿದ ಮೊದಲ ವಾರ ವಿಜಯ್ ಒಂದು ಡಬ್ಬಿ ತುಂಬ ಏಲಕ್ಕಿ ತಂದಿದ್ದ. ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ ಜಡ್ಜು ಆರೋಪಿಯನ್ನು ಹತ್ತಿರ ಕರೆದು ಬಾಯಿ ಮೂಸುತ್ತಾರೆಂದು ಅವನು ನಂಬಿದ್ದ. ಐದು ವರ್ಷದ ಕಾನೂನು ಓದಿನಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಹಾಗಲ್ಲ ಅಂತಲೂ ಹೇಳಿರಲಿಲ್ಲ. ಸೀನಿಯರ್ ರಾಮಾಂಜಿನಪ್ಪನವರು ಎರಡು ಏಲಕ್ಕಿ ಬಾಯಿಗೆ ಹಾಕಿಕೊಂಡು, "ಹಿಡಿದು ನಾಕು ತಿಂಗಳಾಯ್ತಲ್ಲಪ್ಪಾ, ಇನ್ನೂ ವಾಸನೆ ಇರ್ತದಾ?" ಅಂದರು.

ಕೇಸು ಏರ್‌ಪೋರ್ಟ್ ಕ್ಯಾಬ್ ಓಡಿಸುವ ಮುನಿರಾಜನದು. ಹೊಸ ಗಾಡಿಯನ್ನು ಊರಾಚೆಯ ಮುನೇಶ್ವರನ ಮುಂದೆ ನಿಲ್ಲಿಸಿ, ಕೋಳಿ ಕೊಯ್ದು, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದ್ದ. ಎಡೆಗಿಟ್ಟ ಬ್ರಾಂದಿಯನ್ನು ಪೂಜಾರಿ ಅಪ್ಪಯ್ಯಣ್ಣ ಅಂಗೈಗೆ ಬಿಟ್ಟಾಗ ಕಣ್ಣಿಗೊತ್ತಿಕೊಂಡು ಕುಡಿದಿದ್ದ. ಹಾರ ಹಾಕಿದ ಗಾಡಿ ಮೇನ್ ರೋಡಿಗೆ ಬರುತ್ತಲೇ ಪೊಲೀಸರು ಮಿಷನ್ನನ್ನು ಬಾಯಿಗೆ ಹಿಡಿದರು. ಮೂವತ್ತು ದಾಟಬಾರದ ಅಂಕಿ ತೊಂಬತ್ತಾರಕ್ಕೆ ನಿಂತಿತು.

ಎಲ್ಲರಂತೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಆದರೆ ಶಿಕ್ಷೆಯಾದರೆ ಲೈಸೆನ್ಸು ಅಮಾನತು. ಲೈಸೆನ್ಸು ಹೋದರೆ ಏರ್‌ಪೋರ್ಟ್ ಪಾಸೂ ಹೋಯಿತು. "ನಾನ್ ಕುಡ್ದೇ ಇಲ್ಲ ಸಾರ್, ತೀರ್ಥ ತಗೊಂಡೆ," ಎನ್ನುತ್ತಿದ್ದ ಮುನಿರಾಜ್, ಮನಸಾರೆ ನಂಬಿ.

ರಾಮಾಂಜಿನಪ್ಪನವರು ಅನುಗೊಂಡನಹಳ್ಳಿ ಕಡೆಯವರು. ಜಮೀನಿನ ವ್ಯಾಜ್ಯ ಹಿಡಿದ ಜೊತೆಯವರೆಲ್ಲ ಕಾರು ತಗೊಂಡಿದ್ದರೂ ಇವರು ಇನ್ನೂ ಬಸ್ಸಿನಲ್ಲೇ. ಜಾಗ ನೋಡದೆ ವಾದಕ್ಕೆ ನಿಲ್ಲುವವರಲ್ಲ. ಕೋಟು ಹೆಗಲಿಗೆ ಹಾಕಿಕೊಂಡು ಗುಡಿಯಿಂದ ಪೊಲೀಸರು ನಿಂತಿದ್ದ ಜಾಗದವರೆಗೆ ನಡೆದರು. ಟೈಮು ನೋಡುವ ಕೆಲಸ ವಿಜಯ್‌ನದು. ನಡೆದರೇ ಆರು ನಿಮಿಷ. ಅಂದರೆ ಬಾಯಿ ಇನ್ನೂ ಆರಿರಲಿಲ್ಲ, ಮಿಷನ್ನು ಅಳೆದದ್ದು ಬಾಯಲ್ಲಿದ್ದ ಬ್ರಾಂದಿಯನ್ನೇ ಇರಬಹುದು. ವಿಜಯ್ ಆಗಲೇ ಗೆದ್ದಂತೆ ಹಿಗ್ಗಿದ. ರಾಮಾಂಜಿನಪ್ಪನವರು ಗುಡಿಗೆ ವಾಪಸ್ ಬಂದು, ಸಾಕ್ಷಿಗೆ ಬರುತ್ತೀಯಾ ಎಂದು ಪೂಜಾರಿಯನ್ನು ಕೇಳಿದರು.

"ಬರ್ದೇ ಏನ್ ಸಾರ್," ಅಂದ ಅಪ್ಪಯ್ಯಣ್ಣ. "ಭಕ್ತಿ ಇರೋ ಹುಡ್ಗ. ಮೂರು ಸಲ ಕೈ ಒಡ್ದ. ನಾಕ್ನೇದು ಬಾಟ್ಲಿಯಿಂದ್ಲೇ ಎತ್ದ."

"ನೀನ್ ಬರ್ಬೇಡ," ಅಂದರು ರಾಮಾಂಜಿನಪ್ಪ.

ವಿಚಾರಣೆಯ ದಿನ ಮುನಿರಾಜ್ ಕೋರ್ಟಿನ ಬಾಗಿಲಲ್ಲೇ ಹಟ ಹಿಡಿದ: "ಪೂಜಾರೀನ ಕರ್ಸಿ ಸಾರ್. ದೇವ್ರಾಣೆಗೂ ಇದ್ದದ್ದು ಇದ್ದಂಗೇ ಹೇಳ್ತಾನೆ."

"ಅದೇ ಭಯ," ಅಂದರು ರಾಮಾಂಜಿನಪ್ಪ.

ಸಬ್ ಇನ್ಸ್‌ಪೆಕ್ಟರು ಸಾಕ್ಷಿಗೆ ನಿಂತರು. ರಾಮಾಂಜಿನಪ್ಪ ಪಾಟೀಸವಾಲಿಗೆ ಎದ್ದರು.

"ನಿಲ್ಸಿ ಎಷ್ಟು ಹೊತ್ತಿಗೆ ಊದಿಸಿದ್ರಿ?"

"ತಕ್ಷಣ."

"ಬಾಯಿ ಮುಕ್ಕಳಿಸೋಕೆ ನೀರು ಕೊಟ್ರಾ?"

"ಇಲ್ಲ."

"ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ ಊದಿಸಿದ್ರಾ? ರಕ್ತ ಪರೀಕ್ಷೆ?"

ಅವರು ಫೈಲು ತಿರುವಿದರು. "ಮಾಡ್ಸಿಲ್ಲ."

ಕೊನೆಗೆ ಜಡ್ಜು, ಹೇಳುವುದೇನಾದರೂ ಇದೆಯೇ ಎಂದು ಮುನಿರಾಜನನ್ನೇ ಕೇಳಿದರು.

"ಪೂಜೆ ಮುಗಿಸ್ಕೊಂಡು ಬರ್ತಿದ್ದೆ ಸ್ವಾಮಿ. ತೀರ್ಥ ಇನ್ನೂ ಬಾಯಲ್ಲೇ ಇತ್ತು."

ಎಷ್ಟು ಎಂದು ಜಡ್ಜು ಕೇಳಲಿಲ್ಲ. ಎರಡು ವಾರ ವಿಜಯ್ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ತೀರ್ಪು ಬಂತು: ಸಂಶಯದ ಲಾಭ ಆರೋಪಿಗೆ, ಬಿಡುಗಡೆ.

ಮುನಿರಾಜ್ ಲಾಯರ್ ಕಾಲಿಗೆ ಬಿದ್ದೆದ್ದು, ಕ್ಯಾಬಿನ ಬಾಗಿಲು ತೆಗೆದು ನಿಂತ. "ಹತ್ತಿ ಸಾರ್, ಮನೆಗಂಟ ಬಿಡ್ತೀನಿ."

ವಿಜಯ್ ಆಗಲೇ ಒಂದು ಕಾಲು ಒಳಗಿಟ್ಟಿದ್ದ. ರಾಮಾಂಜಿನಪ್ಪ ಮಾತ್ರ ಬಸ್ ಸ್ಟ್ಯಾಂಡಿನ ಕಡೆ ತಿರುಗಿದರು.

ಮುನಿರಾಜನ ಮುಖ ಸಣ್ಣಗಾಯಿತು. "ಯಾಕ್ ಸಾರ್? ಇಷ್ಟೆಲ್ಲಾ ವಾದ ಮಾಡಿದ್ರಿ, ನಿಮಗೇ ನನ್ ಮೇಲೆ ನಂಬ್ಕೆ ಇಲ್ವಾ?"

"ಇಲ್ಲ," ಅಂದರು ರಾಮಾಂಜಿನಪ್ಪ. "ಅವತ್ತು ನೀನು ಕುಡ್ದೇ ಓಡಿಸ್ದೆ ಕಣಯ್ಯ."