ಜೈನಬಮ್ಮ ಹುಡುಕಿದ ಜೋಡಿ ಕಂಬ

ಸಿದ್ಧಕಟ್ಟೆಯ ಜೈನಬಮ್ಮನಿಗೆ ಸಾವಿರ ಎಂದರೆ ಒಂದು ದಿನದ ಬೀಡಿ. ಮದುವೆಯಾಗಿ ಬಂದಂದಿನಿಂದ ನಲವತ್ತು ವರ್ಷ, ತೊಡೆಯ ಮೇಲೆ ಮೊರದಂಥ ಗೆರಸೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ ಬದುಕಿದವಳು. ಕಟ್ಟಿದ ಬೀಡಿ ಒಪ್ಪಿಸುವ ಕಂಪನಿಯ ಬ್ರಾಂಚಿನಲ್ಲಿ ಅವಳ ಕಟ್ಟುಗಳನ್ನು ಬಿಚ್ಚಿ ನೋಡುವ ಗೋಜಿಗೇ ಯಾರೂ ಹೋಗುತ್ತಿರಲಿಲ್ಲ. ಆ ಹೆಮ್ಮೆ ಅವಳಿಗೆ ತುಸು ಜಾಸ್ತಿಯೇ ಇತ್ತು. ನೆರೆಮನೆಯವರ ಬೀಡಿ ಕಂಡರೆ ಮೂಗು ಮುರಿಯುತ್ತಿದ್ದಳು.

ಕಳೆದ ವಾರ ಅದೇ ಬ್ರಾಂಚಿನಿಂದ ಅವಳ ಅಷ್ಟೂ ಕಟ್ಟು ವಾಪಸು ಬಂದವು. ಕೈ ನಡುಗಲು ಶುರುವಾಗಿ ಆರು ತಿಂಗಳಾಗಿತ್ತು. ಒಂದು ಬೀಡಿ ದಪ್ಪ, ಇನ್ನೊಂದು ಸಪೂರ. ಜೈನಬಮ್ಮ ಗೆರಸೆಯನ್ನು ಅಟ್ಟಕ್ಕೆ ಎಸೆದು ಮಾತು ಬಿಟ್ಟು ಕೂತಳು. ಕೈಯೇ ಹೋದ ಮೇಲೆ ತಾನು ಯಾರಿಗೂ ಬೇಡದವಳು ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ಮೂಡುಬಿದಿರೆಯಲ್ಲಿ ಕಾಲೇಜು ಓದುವ ಮೊಮ್ಮಗಳು ರಿಫಾ, ಅಜ್ಜಿಯನ್ನು ಮಾತಿಗೆಳೆಯಲು ಹೇಳಿದಳು: "ಉಮ್ಮಮ್ಮ, ಸಾವಿರ ಕಂಬದ ಬಸದಿಯಲ್ಲಿ ಒಂದರ ಹಾಗೆ ಇನ್ನೊಂದು ಕಂಬ ಇಲ್ಲವಂತೆ."

"ಸುಳ್ಳು ಮಾರಾಯ್ತಿ! ಪಳಗಿದ ಕೈ ಒಂದೇ ನಮೂನೆ ಮಾಡ್ತದೆ. ಎಲ್ಲೋ ಒಂದು ಜೋಡಿ ಉಂಟು, ನೋಡಿದವರಿಗೆ ಕಣ್ಣಿಲ್ಲ. ನಾಳೆಯೇ ಹೋಗುವ."

ಮೂಡುಬಿದಿರೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಲವತ್ತು ವರ್ಷದಲ್ಲಿ ಅವಳಿಗೆ ಅಷ್ಟು ಪುರುಸೊತ್ತಾಗಿರಲಿಲ್ಲ. ಬುರ್ಖಾ ನೋಡಿ ತಡೆದಾರೇನೋ ಎಂದು ಬಸದಿಯ ಬಾಗಿಲಲ್ಲಿ ಅಳುಕಿದಳು. ಅಲ್ಲಿದ್ದವರು "ಚಪ್ಪಲಿ ಇಲ್ಲಿಡಿ ಅಮ್ಮ" ಎಂದರಷ್ಟೆ.

ಬಂದ ಪ್ರವಾಸಿಗರೆಲ್ಲ ತಲೆಯೆತ್ತಿ ಮೇಲೆ ನೋಡಿದರು, ಫೋಟೊ ತೆಗೆದರು, ಹೋದರು. ಜೈನಬಮ್ಮ ಮೇಲೆ ನೋಡಲೇ ಇಲ್ಲ. ಬೀಡಿ ಕಟ್ಟು ಪರೀಕ್ಷಿಸುವವಳಂತೆ ಕಂಬದಿಂದ ಕಂಬಕ್ಕೆ ನಡೆದಳು. ಒಂದರಲ್ಲಿ ಬಳ್ಳಿ, ಒಂದರಲ್ಲಿ ಹೂವು, ಒಂದು ದುಂಡಗೆ, ಒಂದಕ್ಕೆ ಮೂಲೆ. ರಿಫಾಳಿಗೆ ಹಸಿವಾಯಿತು. ಅಜ್ಜಿಗೆ ಜೋಡಿ ಸಿಗಲಿಲ್ಲ.

ಕೊನೆಗೆ ಬಸದಿಯ ಒಂದು ಮೂಲೆಯಲ್ಲಿ ಒಂದೇ ನಮೂನೆಯ ಎರಡು ಸಿಕ್ಕವು. "ನೋಡು! ನಾನು ಹೇಳಲಿಲ್ಲವಾ?"

ರಿಫಾ ಸೋಲೊಪ್ಪಿಕೊಂಡಳು. ಆದರೆ ಜೈನಬಮ್ಮ ಪರೀಕ್ಷೆಯಲ್ಲಿ ತನಗೂ ರಿಯಾಯಿತಿ ಕೊಡುವವಳಲ್ಲ. ಕಣ್ಣನ್ನು ನಂಬದೆ ಬೆರಳಿಟ್ಟಳು. ಮೊದಲ ಕಂಬದ ಗೆರೆ ನೂಲು ಹಿಡಿದಷ್ಟು ನೇರ. ಎರಡನೆಯದರ ಗೆರೆ ನಡುವೆ ಕೂದಲೆಳೆಯಷ್ಟು ಅಲುಗಿತ್ತು. ಮತ್ತೊಮ್ಮೆ ಸವರಿದಳು. ಅವಳ ನಡುಗುವ ಬೆರಳು ಆ ಗೆರೆಯಲ್ಲಿ ಸಲೀಸಾಗಿ ಹೋಯಿತು.

"ಇದು ಜೋಡಿ ಅಲ್ಲ ಮಗಳೇ," ಎಂದಳು ಮೆಲ್ಲಗೆ. "ಇದನ್ನು ಕೆತ್ತಿದವನಿಗೆ ವಯಸ್ಸಾಗಿತ್ತು. ಕೈ ನಡುಗಿದೆ."

"ಆದರೂ ವಾಪಸು ಕಳಿಸಲಿಲ್ಲ ಅಲ್ಲವಾ ಉಮ್ಮಮ್ಮ?"

ಜೈನಬಮ್ಮನಿಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಬೆಳಗಿನಿಂದ ಮೊದಲ ಸಲ ತಲೆಯೆತ್ತಿ ಮೇಲೆ, ಆ ಕಂಬ ಹೊತ್ತ ಛಾವಣಿಯನ್ನು ನೋಡಿದಳು.

"ಕಳಿಸುವುದಾ? ಅದರ ಮೇಲೆ ಮಾಡು ಕೂರಿಸಿದ್ದಾರೆ!"