ಕೆಟ್ಟ ಮಸೂರದ ಶಿಕ್ಷೆ

ನನ್ನ ಅಕ್ಕನ ಗಂಡ ಕನ್ನಡಕದ ಗಾಜನ್ನು ಸಾಣೆ ಹಿಡಿಯುವ ಸಣ್ಣ ಕಾರ್ಖಾನೆಯೊಂದರ ಮೇಸ್ತ್ರಿ. ಪೊಲೀಸರು ಅವರನ್ನು ಕರೆದೊಯ್ದದ್ದು ಕೆಲಸದ ಬೆಂಚಿನಿಂದಲೇ, ಹಾಡಹಗಲಿನಲ್ಲಿ, ಬೆರಳ ತುಂಬ ಸಾಣೆಯ ಕೆಂಪು ಕೆಸರು ಮೆತ್ತಿಕೊಂಡಿದ್ದಾಗ. "ಕೈ ತೊಳ್ಕೊಂಡ್ ಬರ್ತೀನಿ" ಎಂದರಂತೆ. ತೊಳೆದರು, ಒರೆಸಿಕೊಂಡರು, ಆಮೇಲೆ ಏನು ವಿಷಯವೆಂದು ಕೇಳಿದರು. ಆತ್ಮಹತ್ಯೆಗೆ ಪ್ರಚೋದನೆ ಎಂಬ ಉತ್ತರ ಬಂತು. ಯಾರ ಆತ್ಮಹತ್ಯೆ ಎಂದು ಕೇಳುವ ಅಗತ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಪಕ್ಕದ ಬೆಂಚು ಆ ವಾರವೆಲ್ಲ ಖಾಲಿಯಿತ್ತು.

ಭಾವನ ಬಾಯಿ ಮೊದಲಿನಿಂದಲೂ ದೊಡ್ಡದು. ಪ್ರೀತಿಯನ್ನೂ ಅವರು ಬೈದೇ ತೋರಿಸುವವರು. ನಮ್ಮ ಮದುವೆಯ ಮಾತುಕತೆಯ ದಿನ ನನ್ನ ಹೆಂಡತಿಗೆ, "ಈ ಪುಸ್ತಕದ ಹುಳುವನ್ನ ಕಟ್ಕೊಂಡು ಏನಮ್ಮಾ ಮಾಡ್ತೀಯಾ, ಕಪಾಟಲ್ಲಿ ಇಡ್ತೀಯಾ?" ಎಂದು ಕೇಳಿ ಹುಡುಗಿಯ ಕಡೆಯವರನ್ನು ಗಾಬರಿಪಡಿಸಿದ್ದರು. ಕೆಲಸದಲ್ಲಿ ಮಾತ್ರ ಅವರಷ್ಟು ತಾಳ್ಮೆಯ ಗುರು ಸಿಗುವುದು ಕಷ್ಟ. ಆ ಕಾರ್ಖಾನೆಯ ಸಾಣೆಯವರೆಲ್ಲ ಅವರ ಕೈಯಲ್ಲೇ ತಯಾರಾದವರು. ಅವರಲ್ಲಿ ಭಾವನಿಗೆ ಅಚ್ಚುಮೆಚ್ಚಿನವನು ಪಕ್ಕದ ಬೆಂಚಿನ ಸಣ್ಣ ಮೈಕಟ್ಟಿನ, ಮಿತಭಾಷಿ ಮನುಷ್ಯ. ಎಲ್ಲರೂ ಅವನನ್ನು ಗುಬ್ಬಚ್ಚಿ ಎನ್ನುತ್ತಿದ್ದರು. ಸೂಕ್ಷ್ಮ ಕೆಲಸವೆಲ್ಲ ಅವನ ಪಾಲಿಗೇ ಹೋಗುತ್ತಿತ್ತು.

ಆ ಕೋಣೆಯಲ್ಲಿ ಒಂದು ರೂಢಿಯಿತ್ತು. ಸಾಣೆ ತಪ್ಪಿ ಕೆಟ್ಟುಹೋದ ಮಸೂರವನ್ನು ಅವರು ಕೂಡಲೇ ಎಸೆಯುತ್ತಿರಲಿಲ್ಲ. ಒಂದು ಹಳೆಯ ದಪ್ಪ ಚೌಕಟ್ಟಿಗೆ ಕೂರಿಸಿ, ಕೆಡಿಸಿದವನ ಮೂಗಿನ ಮೇಲೇರಿಸುತ್ತಿದ್ದರು. ಊಟದ ಬಿಡುವಿನವರೆಗೆ ಅವನು ಅದನ್ನು ತೆಗೆಯುವಂತಿಲ್ಲ. ಅವನು ತಡವರಿಸುತ್ತ ನಡೆಯುತ್ತಿದ್ದರೆ, ಚಹಾದ ಲೋಟವೆಂದು ಕೆಸರಿನ ಬಟ್ಟಲಿಗೆ ಕೈ ಹಾಕಿದರೆ, ಉಳಿದವರಿಗೆ ನಗುವೋ ನಗು. ಭಾವನೇ ಒಮ್ಮೆ ಈ ಶಿಕ್ಷೆ ಉಂಡು, ಖಾಲಿ ಕುರ್ಚಿಯ ಮುಂದೆ ಕೈಕಟ್ಟಿ ನಿಂತು, "ಮಾಲೀಕರೇ, ಎರಡು ದಿನ ರಜೆ ಬೇಕಿತ್ತು" ಎಂದಿದ್ದರಂತೆ. ಈ ಕಥೆಯನ್ನು ಅವರು ಹೇಳುವಾಗ ನಾವೂ ಹೊಟ್ಟೆ ಹಿಡಿದು ನಕ್ಕಿದ್ದೇವೆ.

ಕೊನೆಯ ಕೆಲವು ವಾರಗಳಲ್ಲಿ ಆ ಚೌಕಟ್ಟು ಗುಬ್ಬಚ್ಚಿಯ ಮುಖವನ್ನು ಬಿಟ್ಟು ಇಳಿದದ್ದೇ ಕಡಿಮೆ. ಕೊನೆಯ ದಿನ ಮತ್ತೊಂದು ಮಸೂರ ಕೆಟ್ಟಿತು. ಭಾವ ಎಲ್ಲರೆದುರು ರೇಗಿದರು: "ಗಾಜು ಉಜ್ಜೋಕೂ ಬರಲ್ಲ ಅಂದ್ಮೇಲೆ ನೀನಿದ್ದು ಯಾರಿಗೇನು ಉಪಯೋಗ? ಹೋಗಿ ಸಾಯಿ ಅತ್ಲಾಗೆ!" ನಮ್ಮ ಮಾತಿನಲ್ಲಿ ಇದಕ್ಕಿಂತ ಸವೆದ ಬೈಗುಳ ಇನ್ನೊಂದಿಲ್ಲ. ನನ್ನ ಅಕ್ಕ ಅದನ್ನು ಹೊತ್ತಿಕೊಳ್ಳದ ಒಲೆಗೂ ಹೇಳುತ್ತಾಳೆ. ಗುಬ್ಬಚ್ಚಿ ಬೆಂಚು ಒರೆಸಿ ಮನೆಗೆ ಹೋದ. ಮರುದಿನ ಬರಲಿಲ್ಲ, ಸುದ್ದಿ ಬಂತು. ಅವನ ಹೆಂಡತಿ ಕೊಟ್ಟ ದೂರಿನಲ್ಲಿ ಆ ಕನ್ನಡಕವೂ ಇತ್ತು, ಆ ಮಾತೂ ಇತ್ತು.

ಜಾಮೀನು ಸಿಕ್ಕ ಮೇಲೆ ಭಾವನನ್ನು ವಕೀಲೆಯ ಕಚೇರಿಗೆ ಕರೆದುಕೊಂಡು ಹೋದೆವು. ಆಕೆ ಸಮಾಧಾನವಾಗಿ ವಿವರಿಸಿದರು.

"ನೋಡಿ, ನೀವಂದಿದ್ದು ಕೆಟ್ಟ ಮಾತು. ಆದ್ರೆ ಕೆಟ್ಟದ್ದೆಲ್ಲ ಅಪರಾಧ ಆಗಲ್ಲ. ಅವನು ಸಾಯ್ಲಿ ಅನ್ನೋ ಉದ್ದೇಶ ಇತ್ತು, ಸಾಯೋದು ಬಿಟ್ಟು ಬೇರೆ ದಾರೀನೇ ಇಲ್ಲ ಅನ್ನೋ ಸ್ಥಿತಿಗೆ ಬೇಕಂತಲೇ ದೂಡಿದ್ರಿ, ಅದಕ್ಕೂ ಸಾವಿಗೂ ನೇರ ಸಂಬಂಧ ಇದೆ ಅಂತ ಅವ್ರು ಸಾಬೀತು ಮಾಡ್ಬೇಕು. ಸಂಶಯಕ್ಕೆ ಎಡೆಯಿಲ್ಲದ ಹಾಗೆ."

"ಇವ್ರು ಉದ್ದೇಶ ಇಟ್ಕೊಂಡು ಒಂದು ಕೆಲ್ಸ ಮಾಡಿದ್ದು ನಾನು ಕಂಡೇ ಇಲ್ಲ ಮೇಡಂ," ಎಂದಳು ಅಕ್ಕ. "ತರಕಾರಿ ತರೋಕೆ ಹೋದ್ರೆ ಬಕೆಟ್ ತಗೊಂಡು ಬರ್ತಾರೆ."

ವಕೀಲೆ ಇನ್ನೇನು ನಗಬೇಕು, ಅಷ್ಟರಲ್ಲಿ ಭಾವ ಮೇಜನ್ನೇ ನೋಡುತ್ತ ಹೇಳಿದರು: "ಅವನು ನಂಗೆ ಹೇಳಿದ್ದ."

"ಏನು?"

"ಕಣ್ಣು ಮಂಜಾಗ್ತಿದೆ ಮೇಸ್ತ್ರಿ, ಗಾಜಿನ ಅಂಚೇ ಕಾಣ್ಸಲ್ಲ ಅಂತ. ಕೈ ತೊಳೆಯೋ ಜಾಗದಲ್ಲಿ. ಇಬ್ರೇ ಇದ್ವಿ."

"ನೀವೇನಂದ್ರಿ?"

"ಕನ್ನಡಕದ ಕಾರ್ಖಾನೇಲಿ ಕೂತು ಕಣ್ಣು ಕಾಣಲ್ಲ ಅಂತೀಯಲ್ಲೋ, ಯಾರಿಗೂ ಹೇಳ್ಬೇಡ ಮಾರಾಯ, ನಗ್ತಾರೆ ಅಂದೆ."

"ಅದಾದ್ಮೇಲೂ ಆ ಕನ್ನಡಕ ಹಾಕ್ಸಿದ್ರಾ?"

"ಹಾಕ್ಸಿದೆ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳಿಗೂ ಇದು ತಿಳಿದದ್ದು ಆಗಲೇ. ವಕೀಲೆ ಪೆನ್ನು ಕೆಳಗಿಟ್ಟು, "ಇದು ಕೇಸಿನ ಬಣ್ಣಾನೇ ಬದಲಿಸಬಹುದು," ಎಂದರು. "ಕುಗ್ಗಿಹೋಗಿದ್ದಾನೆ ಅಂತ ಗೊತ್ತಿದ್ದೂ ಚುಚ್ಚಿದ್ರು ಅಂದ್ರೆ ಉದ್ದೇಶ ಇತ್ತು ಅಂತ ವಾದ ಹೂಡೋದು ಸುಲಭ. ಸುಳ್ಳು ಹೇಳಿ ಅಂತ ನಾನು ಹೇಳಲ್ಲ. ಆದ್ರೆ ಆರೋಪಿ ಬಾಯಿ ಬಿಡಲೇಬೇಕು ಅಂತಿಲ್ಲ. ಸುಮ್ನಿದ್ಬಿಡಿ."

"ಜೀವಮಾನದಲ್ಲಿ ಒಂದೇ ಒಂದ್ಸಲ ಬಾಯಿ ಮುಚ್ಕೊಂಡಿರಿ," ಎಂದು ದಾರಿಯುದ್ದಕ್ಕೂ ಅಕ್ಕ ಅತ್ತಳು. "ಜೈಲಿಗೆ ಹೋದ್ರೆ ನಾನೇನು ಮಾಡ್ಲಿ?"

ನಾನು ನನಗೆ ತಿಳಿದ ರೀತಿಯಲ್ಲಿ ಸಮಾಧಾನ ಹೇಳಿದೆ. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಮನುಷ್ಯನೊಬ್ಬ ಹಾಗೆ ಹೊರಟುಹೋಗುವುದರ ಹಿಂದೆ ಒಂದಕ್ಕೊಂದು ಹೆಣೆದುಕೊಂಡ ಹಲವು ಕಾರಣಗಳಿರುತ್ತವೆ, ಒಂದೇ ಎಳೆಯನ್ನು ಹಿಡಿದು ಇದೇ ಎನ್ನಲು ಬಾರದು. ಇದನ್ನು ಬಲ್ಲವರೆಲ್ಲ ಒಪ್ಪುತ್ತಾರೆ ಎಂದೆ. ಇಂದಿಗೂ ಅದು ತಪ್ಪೆಂದು ನನಗನ್ನಿಸುವುದಿಲ್ಲ. ಭಾವ ಪೂರ್ತಿ ಕೇಳಿಸಿಕೊಂಡು, "ಇದನ್ನ ಅವನ ಹೆಂಡ್ತಿ ಮುಂದೆ ಹೇಳ್ತೀಯಾ?" ಎಂದರು.

ವಿಚಾರಣೆಯಲ್ಲಿ ಕಾರ್ಖಾನೆಯವರೆಲ್ಲ ಒಂದೇ ಮಾತು ಹೇಳಿದರು: ಕನ್ನಡಕ ಎಲ್ಲರಿಗೂ ಒಂದೇ, ಮೇಸ್ತ್ರಿಯೂ ಹಾಕಿಕೊಂಡಿದ್ದಾರೆ, ಅದು ತಮಾಷೆ. ಸರ್ಕಾರಿ ವಕೀಲರು ಹಿರಿಯ ಸಾಣೆಯವನೊಬ್ಬನನ್ನು ಹಿಡಿದು ನಿಲ್ಲಿಸಿದರು.

"ತಮಾಷೆ ಅಂದ್ರೆ ಅವನೂ ನಗ್ತಿದ್ದನಾ?"

"ನಗ್ತಿದ್ದ ಅನ್ಸತ್ತೆ."

"ಅನ್ಸತ್ತೆ ಅಂದ್ರೆ?"

"ಆ ಗಾಜಿನ ಹಿಂದೆ ಕಣ್ಣು ಕಾಣಲ್ಲ ಸ್ವಾಮಿ."

ಅಷ್ಟು ವರ್ಷ ಒಂದು ಕೋಣೆಯ ಜನರೆಲ್ಲ ನಕ್ಕದ್ದು ತಾವು ಕಾಣಲಾಗದ ಮುಖವನ್ನು ನೋಡಿ ಎಂಬುದು ಅವರಿಗೂ ನನಗೂ ಒಟ್ಟಿಗೇ ಹೊಳೆಯಿತು.

ಕೊನೆಗೆ ನ್ಯಾಯಾಧೀಶರು, ಹೇಳುವುದೇನಾದರೂ ಇದೆಯೇ ಎಂದು ಭಾವನನ್ನು ಕೇಳಿದರು. ವಕೀಲೆ ಬೇಡವೆಂದು ತಲೆಯಾಡಿಸಿದರು. ಅಕ್ಕನ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು. ಭಾವ ಎದ್ದು ನಿಂತು, ಕೈ ತೊಳೆಯುವ ಜಾಗದಲ್ಲಿ ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿಬಿಟ್ಟರು. 'ಯಾರಿಗೂ ಹೇಳ್ಬೇಡ' ಎಂದದ್ದನ್ನೂ ಬಿಡಲಿಲ್ಲ.

"ಗೊತ್ತಿದ್ದೂ ಯಾಕೆ ಹಾಕಿಸಿದಿರಿ?" ಎಂದರು ನ್ಯಾಯಾಧೀಶರು.

"ಅವನೊಬ್ಬನಿಗೆ ಬಿಟ್ರೆ ಯಾಕೆ ಅಂತ ಉಳಿದೋರು ಕೇಳ್ತಾರೆ. ಕಣ್ಣಿನ ವಿಷಯ ಹೊರಗೆ ಬೀಳತ್ತೆ, ಕೆಲ್ಸ ಹೋಗತ್ತೆ ಅಂದ್ಕೊಂಡೆ."

"ಅವನು ಸಾಯಲಿ ಅಂತ ಬಯಸಿದ್ರಾ?"

"ಅಯ್ಯೋ, ಇಲ್ಲ. ಮಾರನೇ ದಿನಕ್ಕೆ ಅವನ ಬೆಂಚಿನ ಮೇಲೆ ಕೆಲ್ಸ ಎತ್ತಿಟ್ಟಿದ್ದೆ. ದೊಡ್ಡ ಗಾಜು. ಕಾಣೋ ಅಂಥವು."

ಗುಬ್ಬಚ್ಚಿಯ ಹೆಂಡತಿ ಕೂತಲ್ಲೇ ಕೂತಿದ್ದರು. ಎಲ್ಲರೂ ಹೋದ ಮೇಲೂ ಎದ್ದಿರಲಿಲ್ಲ.

ತೀರ್ಪಿನ ದಿನ ಅಕ್ಕ ಭಾವನ ಬಟ್ಟೆಗಳ ಚೀಲವನ್ನು ಜೊತೆಗೇ ತಂದಿದ್ದಳು. ನಮಗೆಲ್ಲ ಅಷ್ಟು ಖಚಿತವಾಗಿತ್ತು. ನ್ಯಾಯಾಧೀಶರು ಆ ನಡವಳಿಕೆಯನ್ನು ಕ್ರೂರವೆಂದೇ ಕರೆದರು. ಆದರೆ ನೋವಾಗುತ್ತದೆಂಬ ತಿಳಿವು ಬೇರೆ, ಸಾಯಲೆಂಬ ಉದ್ದೇಶ ಬೇರೆ. ಕೋಪದಲ್ಲಿ ಜಾರಿದ ಮಾತು ಸಾವಿಗೆ ದೂಡಿದ ಕೃತ್ಯವಾಗದು. ಮಾರನೆಯ ದಿನಕ್ಕೆ ಕೆಲಸ ಎತ್ತಿಡುವವನು ಸಾವನ್ನು ಬಯಸಿದನೆಂದು ನಂಬಲಾಗದು ಎಂದರು. ಆರೋಪ ಸಾಬೀತಾಗಿಲ್ಲ.

ಭಾವ ವಕೀಲೆಯ ಕಡೆ ತಿರುಗಿದರು. "ಬಿಟ್ರಾ? ಅದನ್ನ ಕೇಳಿದ್ಮೇಲೂ?"

"ಅದನ್ನ ಕೇಳಿದ್ದಕ್ಕೇ ಬಿಟ್ರು ಅನ್ಸತ್ತೆ," ಎಂದರು ಆಕೆ.

ಹೊರಗಿನ ಮೊಗಸಾಲೆಯಲ್ಲಿ ಗುಬ್ಬಚ್ಚಿಯ ಹೆಂಡತಿ ಅಡ್ಡ ಬಂದು ನಿಂತರು. ಬೈಯುತ್ತಾರೆಂದು ನಾನು ತಡೆಯಲು ಮುಂದಾದೆ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು.

"ಕಣ್ಣಿನ ವಿಷಯ ನಿಮಗೆ ನಿಜವಾಗ್ಲೂ ಹೇಳಿದ್ರಾ ಅಣ್ಣಾ?"

"ಹೂಂ ಕಣಮ್ಮಾ."

"ನಂಗೆ ಹೇಳಿರ್ಲಿಲ್ಲ. ದಿನಾ ಕೇಳ್ತಿದ್ದೆ, ಯಾಕೆ ಹೀಗಿದೀರಿ, ಏನಾಯ್ತು ಅಂತ. ಏನಿಲ್ಲ ಏನಿಲ್ಲ ಅಂತಿದ್ರು. ಹೇಳಿದ್ರೆ ಡಾಕ್ಟ್ರ ಹತ್ರ ಕೈ ಹಿಡ್ಕೊಂಡು ಹೋಗ್ತಿದ್ದೆ." ಆಕೆ ಭಾವನ ಮುಖವನ್ನೇ ನೋಡಿದರು. "ಯಾರಿಗೂ ಹೇಳ್ಬೇಡ ಅಂದಿದ್ರಲ್ಲ ನೀವು. ನಿಮ್ಮ ಮಾತನ್ನ ಅವ್ರು ಯಾವತ್ತೂ ಮೀರಿದೋರಲ್ಲ."

ಅಕ್ಕ ಭಾವನ ತೋಳು ಹಿಡಿದು ಎಳೆದಳು. ಅವರು ಕದಲಲಿಲ್ಲ.