ಚೀನಾದ ಲೀಗಳೂ ನಮ್ಮ ಬೀದಿಯ ಗಂಗಮ್ಮರೂ

ಯಾರಾದರೂ ನಿಮ್ಮ ಹೆಸರು ಕೂಗಿದರೆ ಥಟ್ಟನೆ ಎದ್ದು ನಿಲ್ಲುತ್ತೀರಾ, ಇಲ್ಲ ಅದೇ ಹೆಸರಿನ ಇನ್ನೊಬ್ಬರು ಏಳಲಿ ಎಂದು ಕಾಯುತ್ತೀರಾ? ನಗಬೇಡಿ. ಮೊನ್ನೆ ಆಸ್ಪತ್ರೆಯಲ್ಲಿ ನರ್ಸಮ್ಮ "ಗಂಗಮ್ಮ" ಎಂದು ಮೂರು ಸಲ ಕೂಗಿದರೂ ನಾನು ಬೆಂಚಿನ ಮೇಲೆ ಮಹಾರಾಣಿಯ ಗತ್ತಿನಲ್ಲಿ ಕೂತೇ ಇದ್ದೆ. ಯಾವ ಗಂಗಮ್ಮ ಎಂದು ಅವಳಿನ್ನೂ ಹೇಳಿರಲಿಲ್ಲವಲ್ಲ!

"ಅಜ್ಜೀ, ಕಿವಿ ಕೇಳಕ್ಕಿಲ್ವಾ? ನೀವೇ ಕಣ್ರೀ. ಇನ್ಯಾರವ್ರೆ ಇಲ್ಲಿ ಗಂಗಮ್ಮ?"

ಸುತ್ತ ನೋಡಿದೆ. ನಿಜವಾಗಿಯೂ ಬೇರೆ ಗಂಗಮ್ಮ ಯಾರೂ ಇರಲಿಲ್ಲ.

ಒಂದು ಕಾಲಕ್ಕೆ ಹಾಲ್ಕುರಿಕೆಯ ನಮ್ಮ ಬೀದಿಯೊಂದರಲ್ಲೇ ನಾಲ್ವರು ಗಂಗಮ್ಮರಿದ್ದೆವು. ಕೆರೆಯ ಕಡೆಯವಳು ಏರಿ ಗಂಗಮ್ಮ, ಎಮ್ಮೆ ಸಾಕಿದವಳು ಎಮ್ಮೆ ಗಂಗಮ್ಮ, ಹಿಟ್ಟಿನ ಗಿರಣಿಯವನ ಹೆಂಡತಿ ಗಿರಣಿ ಗಂಗಮ್ಮ. ನಾನು ಕೊಬ್ಬರಿ ಗಂಗಮ್ಮ. ತೆಂಗಿನ ಸೀಮೆಯಲ್ಲಿ ಇದು ಬಿರುದಿನಂತೆ ಕೇಳಿಸೀತು; ಸಂಪಾದಿಸಿದ ಬಗೆ ಮಾತ್ರ ಅಷ್ಟು ಗೌರವದ್ದಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ತಿಂಗಳುಗಟ್ಟಲೆ ಕಾಯಿ ಒಣಗುವ ಅಟ್ಟಕ್ಕೆ ಕದ್ದು ಹತ್ತಿ, ಒಂದೊಂದನ್ನೇ ಕಿವಿಯ ಬಳಿ ಅಲ್ಲಾಡಿಸಿ, ನೀರು ಬತ್ತಿ ಒಳಗೆ ಕೊಬ್ಬರಿ ಗಡಗಡ ಎನ್ನುವುದನ್ನೇ ಆರಿಸಿ ತಿನ್ನುತ್ತಿದ್ದೆ. ಆ ಗಡಗಡವೇ ಕೆಳಗಿದ್ದ ಅತ್ತೆಗೆ ಸುದ್ದಿ ಮುಟ್ಟಿಸಿತು. ಅತ್ತೆ ಬೀದಿಗೆ ಮುಟ್ಟಿಸಿದರು.

ಈಗ ಏರಿಯವಳಿಲ್ಲ, ಎಮ್ಮೆಯವಳೂ ಇಲ್ಲ. ಗಿರಣಿಯವಳು ಹಂದನಕೆರೆಯ ಮಗಳ ಮನೆ ಸೇರಿ ಎರಡು ವರ್ಷ. ಅಂದಿನಿಂದ ನನ್ನ ಹೆಸರಿನ ಮುಂದಿನ ಕೊಬ್ಬರಿ ಉದುರಿಹೋಯಿತು. ಮನೆ ತುಂಬ ಜನ. ಅವ್ವ, ಅತ್ತೆ, ಅಜ್ಜಿ ಎನ್ನುತ್ತಾರೆ, ಅನ್ನ ಬಡಿಸುತ್ತಾರೆ. ಆದರೆ ಇನ್ನೊಬ್ಬಳಿಂದ ಬೇರ್ಪಡಿಸಿ ನನ್ನನ್ನು ಕರೆಯುವ ಅಗತ್ಯ ಜಗತ್ತಿನಲ್ಲಿ ಯಾರಿಗೂ ಉಳಿದಿಲ್ಲ.

ಈಚೆಗೆ ಸೊಸೆ ಫೋನಿನಲ್ಲಿ ಅಕ್ಷರ ಒತ್ತುವುದನ್ನು ಕಲಿಸಿದ್ದಾಳೆ. ಒಂದೇ ಬೆರಳಿನ ಈ ವಿದ್ಯೆಯಿಂದ, ಈ ಫೋನನ್ನು ತಯಾರಿಸಿದ ಚೀನಾದವರ ಕುಲಗೋತ್ರ ವಿಚಾರಿಸೋಣವೆಂದು ಹೊರಟೆ. ನೋಡಿದರೆ ಅಲ್ಲೂ ನಮ್ಮ ಬೀದಿಯ ಹಾಗೇ ಎರಡು ತುಂಡಿನ ಹೆಸರು: ಅವರಲ್ಲಿ ಮನೆತನ ಮೊದಲು, ಸ್ವಂತ ಹೆಸರು ಆಮೇಲೆ. ಲೀ ಎಂಬ ಒಂದೇ ಮನೆತನದ ಹೆಸರಿನಲ್ಲಿ ಎಷ್ಟು ಜನ! ಸಿಂಹಾಸನವೇರಿದ ಚಕ್ರವರ್ತಿಗಳು ಲೀ. ಮದ್ಯ ಕುಡಿದು ಚಂದ್ರನನ್ನು ಜೊತೆಗೆ ಕರೆದ ಕವಿ ಲೀ. ನಾರುಬೇರುಗಳ ಬೆನ್ನುಹತ್ತಿ ಅಲೆದ ವೈದ್ಯ ಲೀ. ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿನ ಆಸ್ಪತ್ರೆಯಲ್ಲಿ ಲೀ ಎಂದು ಕೂಗಿದರೆ ಬೆಂಚುಗಳೇ ಖಾಲಿಯಾಗುತ್ತವೇನೋ.

ಕೊನೆಗೆ ಒಬ್ಬ ಹೆಂಗಸು ಸಿಕ್ಕಳು, ಅವಳೂ ಲೀ. ಗಂಡ ಸತ್ತ ಮೇಲೆ ಊರೂರು ಅಲೆಯುತ್ತ ಒಂಟಿತನವನ್ನೇ ಪದ್ಯ ಮಾಡಿದವಳು. ಬೆರಳು ಅಲ್ಲೇ ನಿಂತಿತು. ಅಷ್ಟು ಜನ ಲೀಗಳಿದ್ದೂ ಅವಳಿಗೆ ದಕ್ಕಿದ್ದು ಒಂಟಿತನವೇ! ಹಾಗಾದರೆ ಹೆಸರಿನವರು ಎಷ್ಟು ಮಂದಿಯಿದ್ದರೇನು, ನಮ್ಮ ಗುಟ್ಟು ಗೊತ್ತಿದ್ದು ಕರೆಯುವವರು ಒಬ್ಬರಾದರೂ ಬೇಕು.

ಗಿರಣಿಯವಳಿಗೆ ನಾನೇಕೆ ಎರಡು ವರ್ಷದಿಂದ ಫೋನು ಮಾಡಿರಲಿಲ್ಲ? ಬಿಟ್ಟು ಹೋದವಳು ಅವಳು, ಅವಳೇ ಮಾಡಲಿ ಎಂದು ಕೂತಿದ್ದೆ. ಥೇಟ್ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಹಾಗೆಯೇ. ಇನ್ನೊಬ್ಬ ಗಂಗಮ್ಮ ಮೊದಲು ಏಳಲೆಂದು ಕಾಯುವ ನನ್ನ ಚಾಳಿ! ಹೀಗೇ ಕಾಯುತ್ತ ಕೂತು, ಕರೆಯುವವಳೂ ಇಲ್ಲವಾದರೆ?

ಎದ್ದೆ. ಹಂದನಕೆರೆಯ ನಂಬರು ಒತ್ತಿದೆ. ಮಗಳು ಎತ್ತಿ ತಾಯಿಯ ಕೈಗೆ ಕೊಟ್ಟಳು. ನನ್ನ ಎದೆ ಅಟ್ಟದ ಮೇಲಿನ ಕಾಯಿಯ ಹಾಗೆ ಗಡಗಡ ಎನ್ನುತ್ತಿತ್ತು.

"ನಾನು ಕಣೇ, ಗಂಗಮ್ಮ" ಎಂದೆ.

ಎರಡು ವರ್ಷವಾಯಿತಲ್ಲ, ಮರೆತೇ ಬಿಟ್ಟಿರುತ್ತಾಳೆ ಎಂದುಕೊಂಡೆ.

"ಯಾವ ಗಂಗಮ್ಮನೇ? ಬರೀ ಗಂಗಮ್ಮ ಅಂದ್ರೆ ನಾನು," ಎಂದಳು ಗಿರಣಿಯವಳು. "ನೀನು ಕೊಬ್ರಿ ಕದ್ದೋಳು ಅಲ್ವೇನೇ? ನೆಟ್ಟಗೆ ಪೂರ್ತಿ ಹೆಸರು ಹೇಳು!"